ನಾನು ಚಿಕ್ಕಪ್ಪನಿಗೆ ಫೈರ್‌ಮನ್ ಆದದ್ದು

ತರೀಕೆರೆಯಿಂದ ಅಜ್ಜಂಪುರಕ್ಕೆ ಹೋಗುವ ಸಂಜೆಯ ಬಸ್ಸಿನಲ್ಲಿ ನನ್ನ ಪಕ್ಕ ಯಾರೂ ಕೂರುತ್ತಿರಲಿಲ್ಲ. ಸೀಟು ಸಿಗದೆ ನಿಂತವರು ಸಹ ಒಮ್ಮೆ ನನ್ನ ಕಡೆ ನೋಡಿ, ಮೂಗು ಅರಳಿಸಿ, ಕಂಬಿ ಹಿಡಿದುಕೊಂಡು ನಿಂತೇ ಬರುತ್ತಿದ್ದರು. ಅವರದೇನೂ ತಪ್ಪಿಲ್ಲ ಬಿಡಿ. ಐವತ್ತು ದಾಟಿದ ಹೆಂಗಸೊಬ್ಬಳು ಸೀಮೆಎಣ್ಣೆ, ಗ್ರೀಸು ಮತ್ತು ತೆಂಗಿನ ಚಿಪ್ಪಿನ ಹೊಗೆಯ ವಾಸನೆಯನ್ನು ಒಟ್ಟಿಗೆ ಹೊತ್ತು ಬಂದರೆ ಯಾರು ತಾನೇ ಏನು ಮಾಡಿಯಾರು. ಕಂಡಕ್ಟರ್ ಮಾತ್ರ ಒಂದು ಭಾನುವಾರ ಧೈರ್ಯ ಮಾಡಿ ಕೇಳಿದ.

"ಏನಮ್ಮಾ, ಹೋಟ್ಲು ಗೀಟ್ಲು ಇಟ್ಟಿದ್ದೀರಾ?"

"ಇಲ್ಲ ಕಣಪ್ಪ, ರೈಲು ಎಂಜಿನ್ ರಿಪೇರಿ ಮಾಡ್ತಿದೀನಿ."

ಅವನು ನನ್ನ ಸೊನ್ನೆ ರೂಪಾಯಿ ಟಿಕೆಟ್ಟನ್ನು ಹರಿದು ಕೈಗಿಟ್ಟು, ಇನ್ನೇನೂ ಕೇಳದೆ ಮುಂದಕ್ಕೆ ಸರಿದ.

ನನ್ನದು ಅಜ್ಜಂಪುರದ ಬಸ್ ಸ್ಟ್ಯಾಂಡಿನ ಎದುರು ಒಂದು ಜೆರಾಕ್ಸ್ ಅಂಗಡಿ. ಸೋಮವಾರದಿಂದ ಶನಿವಾರದವರೆಗೆ ಊರವರ ಪಹಣಿ, ಆಧಾರ್ ಕಾರ್ಡುಗಳನ್ನು ಎರಡಾಗಿಸುವುದು ನನ್ನ ಕಸುಬು. ಭಾನುವಾರ ಬಾಗಿಲು ಹಾಕಿ ಮಲಗುತ್ತಿದ್ದ ನನ್ನನ್ನು ಎಬ್ಬಿಸಿ ತರೀಕೆರೆಗೆ ಎಳೆದವನು ನನ್ನ ಚಿಕ್ಕಪ್ಪ, ಅಂದರೆ ಅಪ್ಪನ ಕೊನೆಯ ತಮ್ಮ. ವಯಸ್ಸು ಎಪ್ಪತ್ತು ದಾಟಿದೆ. ಮಂಡಿ ಎರಡೂ ಹೋಗಿವೆ. ಬಾಯಿ ಮಾತ್ರ ಇನ್ನೂ ಗಟ್ಟಿಯಾಗಿದೆ.

ಎಂಜಿನ್ ಇದ್ದದ್ದು ತರೀಕೆರೆಯಲ್ಲಿ ಚಿಕ್ಕಪ್ಪನ ಮನೆಯ ಕಾಂಪೌಂಡಿಗೆ ಅಂಟಿಕೊಂಡ, ಮುಚ್ಚಿಹೋದ ಮರದ ಮಿಲ್ಲಿನ ಹಿತ್ತಿಲಲ್ಲಿ. ಒಂದು ಕಾಲಕ್ಕೆ ತರೀಕೆರೆಯಿಂದ ಕಾಡಿನ ಕಡೆಗೆ ಪುಟ್ಟ ಹಳಿಯ ರೈಲು ಓಡುತ್ತಿತ್ತಲ್ಲ, ಆ ಕಾಲದಲ್ಲಿ ಮಿಲ್ಲಿನವರು ದಿಮ್ಮಿ ಎಳೆಯಲು ಇಟ್ಟುಕೊಂಡಿದ್ದ ಉಗಿ ಎಂಜಿನ್ ಅದು. ದೊಡ್ಡದೇನಲ್ಲ. ಎರಡು ಎತ್ತಿನ ಗಾಡಿಗಳನ್ನು ಹಿಂದೆ ಮುಂದೆ ನಿಲ್ಲಿಸಿದರೆ ಎಷ್ಟೋ ಅಷ್ಟು ಉದ್ದ. ನಾನು ಮೊದಲ ಸಲ ನೋಡಿದಾಗ ಅದರ ಹೊಗೆ ಕೊಳವೆಯಲ್ಲಿ ಲಂಟಾನ ಬೆಳೆದಿತ್ತು, ಬೆಂಕಿ ಗೂಡಿನಲ್ಲಿ ಮುಂಗುಸಿ ಸಂಸಾರ ಹೂಡಿತ್ತು.

ಚಿಕ್ಕಪ್ಪನಿಗೆ ಆ ತುಕ್ಕಿನ ಮುದ್ದೆಯ ಮೇಲೆ ಯಾಕಷ್ಟು ಮೋಹ ಎಂಬುದಕ್ಕೆ ಒಂದು ಹಿನ್ನೆಲೆಯಿದೆ. ಅವನು ರೈಲ್ವೆಯಲ್ಲಿ ಸೇರಿದ್ದು ಉಗಿ ಎಂಜಿನ್ನಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ ಆಗಿ. ಬೆಂಕಿ, ನೀರು, ಬೂದಿ, ಬೈಗುಳ, ಇಷ್ಟು ಅವನ ಪಾಲಿಗೆ. ಹಬೆಯನ್ನು ಬಿಟ್ಟು ಎಂಜಿನ್ನನ್ನು ಓಡಿಸುವ ಉದ್ದನೆಯ ಹಿಡಿಗೆ ರೆಗ್ಯುಲೇಟರ್ ಅನ್ನುತ್ತಾರೆ. ಅದು ಡ್ರೈವರನ ಪಾಲು. ಚಿಕ್ಕಪ್ಪನ ಡ್ರೈವರ್ ಟೀ ಕುಡಿಯಲು ಇಳಿಯುವಾಗ ಆ ಹಿಡಿಗೆ ತನ್ನ ಟವೆಲ್ ಸುತ್ತಿ ಇಳಿಯುತ್ತಿದ್ದನಂತೆ. ಟವೆಲ್ ಇದ್ದರೆ ಯಾರೂ ಮುಟ್ಟುವಂತಿಲ್ಲ. "ಇನ್ನೊಂದೆರಡು ವರ್ಷ ತಡ್ಕೋ, ನಿಂಗೂ ಬತ್ತದೆ" ಎನ್ನುತ್ತಿದ್ದನಂತೆ. ತಡೆದುಕೊಂಡ. ಡ್ರೈವರ್ ಆಗುವ ಬಡ್ತಿಯೂ ಬಂತು, ಅದರ ಜೊತೆಯಲ್ಲೇ ಡೀಸೆಲ್ಲೂ ಬಂತು. ಉಗಿ ಎಂಜಿನ್ನುಗಳೆಲ್ಲ ಗುಜರಿಗೆ ಹೋದವು. ಚಿಕ್ಕಪ್ಪ ಆಮೇಲೆ ಎಷ್ಟೋ ವರ್ಷ ಕುರ್ಚಿಯ ಮೇಲೆ ಕೂತು ಡೀಸೆಲ್ ಓಡಿಸಿ, ಹಾರ ಹಾಕಿಸಿಕೊಂಡು ನಿವೃತ್ತನಾದ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವುದಕ್ಕೆ ಅವನು ಈ ಕತೆಯನ್ನೇ ಹೇಳುತ್ತಿದ್ದ.

"ಒಂದ್ಸಲ ಕಣೇ," ಎಂದು ನನ್ನ ಹತ್ತಿರ ಅಂದಿದ್ದ. "ಒಂದೇ ಒಂದ್ಸಲ ನನ್ ಕೈಯಾಗೆ ಅದು ಓಡ್ಬೇಕು."

ಮಿಲ್ಲಿನ ಜಾಗ ಈಗ ಕಡೂರಿನ ಕೊಬ್ಬರಿ ಮಂಡಿಯ ಯಜಮಾನರೊಬ್ಬರದು. ಧಾರಾಳ ಮನುಷ್ಯ. ಎಂಜಿನ್ನನ್ನು ಗುಜರಿಗೆ ಹಾಕದೆ ಕಡೂರಿನಲ್ಲಿ ಮಕ್ಕಳ ಪಾರ್ಕಿಗೆ ಕೊಡುವುದೆಂದು ಆಗಲೇ ಮಾತು ಕೊಟ್ಟಿದ್ದರು. ದೀಪಾವಳಿ ಕಳೆದ ಮೇಲೆ ಲಾರಿ ಬರುತ್ತದೆ, ಎಂಜಿನ್ ಹೋಗಿ ಸಿಮೆಂಟಿನ ಕಟ್ಟೆಯ ಮೇಲೆ ಕೂರುತ್ತದೆ. ಅಲ್ಲಿ ಅದಕ್ಕೆ ಬಣ್ಣ ಉಂಟು, ಬೆಂಕಿ ಇಲ್ಲ. ಅಷ್ಟರೊಳಗೆ ಅದನ್ನು ಓಡುವ ಹಾಗೆ ಮಾಡಿದರೆ ಮಿಲ್ಲಿನ ಗೇಟಿನಿಂದ ಹುಣಸೆ ಮರದವರೆಗೆ ಉಳಿದಿರುವ ಹಳಿಯ ಮೇಲೆ ಓಡಿಸಿಕೊಳ್ಳಿ ಎಂದರು. ಚಿಕ್ಕಪ್ಪನಿಗೆ ಇದ್ದ ಗಡುವು ಅದು.

ಕೆಲಸಕ್ಕೆ ಸೇರಿದವರು ನಾವು ನಾಲ್ಕೇ ಜನ. ಚಿಕ್ಕಪ್ಪ, ನಾನು, ಮಂಡಿ ಯಜಮಾನರು, ಮತ್ತೆ ತರೀಕೆರೆಯಲ್ಲಿ ಬೋರ್‌ವೆಲ್ ಮೋಟಾರು ರಿಪೇರಿ ಮಾಡುವ ಒಬ್ಬ ಮೆಕ್ಯಾನಿಕ್. ಬೋರ್‌ವೆಲ್ಲಿಂದ ಮೋಟಾರು ಎತ್ತುವ ಅವನ ಮುಕ್ಕಾಲಿಯನ್ನೂ ಚೈನ್ ಪುಲ್ಲಿಯನ್ನೂ ತಂದು ಎಂಜಿನ್ನಿನ ಒಂದೊಂದೇ ಭಾಗವನ್ನು ಎತ್ತಿದೆವು. ತುಕ್ಕು ಹಿಡಿದ ನಟ್ಟುಗಳಿಗೆ ವಾರಗಟ್ಟಲೆ ಸೀಮೆಎಣ್ಣೆ ಕುಡಿಸಿದೆವು. ಬಾಯ್ಲರಿನ ಕೊಳವೆಗಳನ್ನು ಬದಲಿಸಲು ಅಕ್ಕಿ ಗಿರಣಿಯ ಬಾಯ್ಲರ್ ಕೆಲಸದವರು ಬಂದರು. ಪರೀಕ್ಷೆ ಮಾಡುವ ಅಧಿಕಾರಿಗಳು ಬಂದು, ನೀರಿನ ಒತ್ತಡ ಕೊಟ್ಟು ನೋಡಿ, ಅನುಮತಿ ಕೊಟ್ಟರು. ಇಷ್ಟನ್ನು ಒಂದು ಪ್ಯಾರಾದಲ್ಲಿ ಬರೆದುಬಿಟ್ಟೆ, ಮಾಡುವಾಗ ನಮ್ಮ ಸೊಂಟ ಬಿದ್ದುಹೋಗಿತ್ತು.

ನೀರಿನ ವಿಷಯದಲ್ಲಿ ಚಿಕ್ಕಪ್ಪ ಕಟ್ಟುನಿಟ್ಟು. ನಮ್ಮ ಕಡೆಯ ಬೋರ್‌ವೆಲ್ ನೀರು ಕಾಯಿಸಿದರೆ ಪಾತ್ರೆಯ ತಳದಲ್ಲಿ ಸುಣ್ಣ ಕಟ್ಟುತ್ತದೆ. ಅದು ಬಾಯ್ಲರಿಗೆ ಬೇಡವೇ ಬೇಡ ಎಂದ. ಮಿಲ್ಲಿನ ಶೀಟಿನ ಮಾಡಿನಿಂದ ಇಳಿಯುವ ಮಳೆ ನೀರನ್ನು ಡ್ರಮ್ಮುಗಳಲ್ಲಿ ಹಿಡಿದು, ಬಟ್ಟೆಯಲ್ಲಿ ಸೋಸಿ ಇಟ್ಟೆವು. ಉರಿಸಲು ಕಲ್ಲಿದ್ದಲು ಎಲ್ಲಿಂದ ತರುವುದು? ಮಂಡಿ ಯಜಮಾನರು ಕೊಬ್ಬರಿ ತೆಗೆದ ಒಣ ಚಿಪ್ಪನ್ನು ಮೂಟೆ ಮೂಟೆ ತಂದು ಸುರಿದರು. ಚಿಪ್ಪಿನ ಬೆಂಕಿಯ ಕಾವು ಎಂಥದ್ದೆಂದು ನಮ್ಮ ಸೀಮೆಯವರಿಗೆ ಹೇಳಿಕೊಡಬೇಕಾಗಿಲ್ಲ.

ಮೊದಲು ಬೆಂಕಿ ಹಾಕಲು ನಿಂತವನು ಮೆಕ್ಯಾನಿಕ್. ಮೂಟೆಯ ಬಾಯಿ ಬಿಚ್ಚಿ, ಅರ್ಧ ಮೂಟೆಯನ್ನು ಒಂದೇ ಸಲ ಗೂಡಿಗೆ ಸುರಿದ. ಹೊಗೆ ಒಳಗಿನಿಂದ ಹೊರಗೆ ಬಂತು, ಮೆಕ್ಯಾನಿಕ್ಕೂ ಕೆಮ್ಮುತ್ತ ಹೊರಗೆ ಬಂದ. ನನಗೆ ನೋಡುತ್ತ ನಿಲ್ಲುವುದಕ್ಕಾಗಲಿಲ್ಲ. ಹುಟ್ಟಿದಾಗಿನಿಂದ ಬಚ್ಚಲ ಮನೆಯ ಹಂಡೆ ಒಲೆಗೆ ಚಿಪ್ಪು, ಮಟ್ಟೆ, ಗರಿ ಹಾಕಿ ಬೆಳೆದವಳು ನಾನು. "ಬಿಡಪ್ಪ ಇಲ್ಲಿ" ಎಂದು ಸಲಿಕೆ ಕಿತ್ತುಕೊಂಡು, ಚಿಪ್ಪುಗಳ ನಡುವೆ ಗಾಳಿಯಾಡಲು ಸಂದು ಬಿಟ್ಟು, ಒಳ್ಳೆ ಉರಿ ಎಬ್ಬಿಸಿದೆ. ಹೆಮ್ಮೆಯಿಂದ ಚಿಕ್ಕಪ್ಪನ ಕಡೆ ತಿರುಗಿದೆ.

"ಥೂ," ಅಂದ ಚಿಕ್ಕಪ್ಪ. "ನಾಕ್ ಜನುಕ್ಕೆ ನೀರ್ ಕಾಯ್ಸ್ತೀಯೇನೇ? ಮೂಲೆ ಎಲ್ಲಾ ತಣ್ಣಗೈತೆ ನೋಡು. ದೋಸೆ ಹುಯ್ದಂಗೆ ಹುಯ್ಯಿ. ತೆಳ್ಳಗೆ, ಅಂಚಿಗೂ ಹೋಗ್ಬೇಕು."

ಅಲ್ಲಿಂದ ನಾನು ಚಿಕ್ಕಪ್ಪನ ಫೈರ್‌ಮನ್ ಆದೆ. ಅವನೇ ಬೆಂಕಿ ನೋಡಿದರೆ ರೆಗ್ಯುಲೇಟರ್ ಹಿಡಿಯಲು ಆಗುವುದಿಲ್ಲ. ಅವನು ಡ್ರೈವರ್ ಆಗಬೇಕಾದರೆ ಯಾರಾದರೂ ಫೈರ್‌ಮನ್ ಆಗಲೇಬೇಕು. ಬಾಗಿಲು ತೆಗೆ, ಹರಡು, ಬಾಗಿಲು ಮುಚ್ಚು, ಗಾಜಿನ ಕೊಳವೆಯಲ್ಲಿ ನೀರಿನ ಮಟ್ಟ ನೋಡು. ಇವೆಲ್ಲ ನನಗೆ ಬೇಗ ಬಂದವು. ಬರದೇ ಹೋದದ್ದು ಕೂಗುವುದು. ಎಂಜಿನ್ ಹೊರಡುವ ಮುಂಚೆ ಫೈರ್‌ಮನ್ ತಲೆ ಹೊರಗೆ ಹಾಕಿ ಸಿಗ್ನಲ್ ನೋಡಿ, ಕಂಬದ ಮೇಲಿನ ಕೈಮರ ಇಳಿದು ದಾರಿ ಬಿಟ್ಟಿದ್ದರೆ ಡ್ರೈವರಿಗೆ ಕೂಗಿ ಹೇಳಬೇಕು. ಸಾರ್ ಎಂಬುದು ಕಡ್ಡಾಯ.

"ಇಲ್ಲಿ ಯಾವ ಕೈಮರ ಚಿಕ್ಕಪ್ಪಾ? ಬರೀ ಹುಣಸೇಮರ ಇರೋದು."

"ಇರ್ಲಿ, ಕೂಗದಿದ್ರೆ ಎಂಜಿನ್ ಹೊಂಡಲ್ಲ. ಅಗೋ, ನಿಮ್ ಚಿಕ್ಕಮ್ಮನ ಬಟ್ಟೆ ಒಣಗಾಕೋ ಹಗ್ಗ ಕಾಣ್ತದಲ್ಲ, ಅದ್ರ ಮೇಲೆ ಕೆಂಪು ಸೀರೆ ಇದ್ರೆ ಕೈಮರ ಎದ್ದೈತೆ ಅಂತ. ತೆಗೆದ್ರೆ ಬಿದ್ದೈತೆ ಅಂತ."

ಕಾಂಪೌಂಡಿನ ಆಚೆಯಿಂದ ಚಿಕ್ಕಮ್ಮ ಇದನ್ನು ಕೇಳಿಸಿಕೊಂಡಳು. "ಮನೇಲಿ ಗ್ಯಾಸ್ ಹಚ್ಚಕ್ ಬರಲ್ಲ, ಇಲ್ಲಿ ಸಾರ್ ಅನ್ನುಸ್ಕೊತಾರಂತೆ!" ಎಂದು ಬಕೆಟ್ಟನ್ನು ಧೊಪ್ಪನೆ ಇಟ್ಟಳು. ಬೈದರೂ ಆಟಕ್ಕೆ ಸೇರಿಕೊಂಡಳು ಅನ್ನಿ. ನಾವು ಅಭ್ಯಾಸ ಮಾಡುವಾಗಲೆಲ್ಲ ಒಂದು ಹಳೆಯ ಕೆಂಪು ಸೀರೆ ಹಗ್ಗಕ್ಕೆ ಬರುತ್ತಿತ್ತು. ನಾವು ಬೇಕೆಂದಾಗ ತೆಗೆಯದೆ, ತನಗೆ ಬೇಕೆಂದಾಗ ತೆಗೆಯುತ್ತಿದ್ದಳು. ನಿಜವಾದ ಸಿಗ್ನಲ್ಲುಗಳೂ ಹಾಗೇ ಇರುತ್ತಿದ್ದವು ಎಂದು ಚಿಕ್ಕಪ್ಪ ಸಮಾಧಾನ ಮಾಡಿಕೊಳ್ಳುತ್ತಿದ್ದ.

ಓಡಿಸುವುದಕ್ಕೆ ಆಯುಧಪೂಜೆಯ ದಿನವನ್ನೇ ಆರಿಸಿಕೊಂಡೆವು. ಚಕ್ರ ಇರುವುದಕ್ಕೆಲ್ಲ ಪೂಜೆ ನಡೆಯುವ ದಿನ, ನಮ್ಮ ಎಂಜಿನ್ನಿಗೆ ಮಾತ್ರ ಯಾಕೆ ಬೇಡ? ಬೆಳಗ್ಗೆಯೇ ಬೆಂಕಿ ಹಚ್ಚಿದೆ. ಸುದ್ದಿ ಹರಡಿ ಜನ ಬಂದರು. ಮಂಡಿ ಯಜಮಾನರ ನೆಂಟರು ಕಡೂರಿನಿಂದ, ಪಂಚನಹಳ್ಳಿಯಿಂದ, ಸಿಂಗಟಗೆರೆಯಿಂದ ಟೆಂಪೋ ಮಾಡಿಕೊಂಡು ಬಂದರು. ಬಂದವರು ಬರಿಗೈಯಲ್ಲಿ ಬರುತ್ತಾರೆಯೇ? ತೆಂಗಿನ ಸೀಮೆಯವರು. ಕೈಗೊಂದು ಕಾಯಿ.

ಹಬೆ ಏರುವ ಹೊತ್ತಿಗೆ ಚಿಕ್ಕಪ್ಪ ಸ್ನಾನ ಮಾಡಿ ಹಳೆಯ ನೀಲಿ ಯೂನಿಫಾರ್ಮ್ ಹಾಕಿಕೊಂಡು ಬರುತ್ತೇನೆಂದು ಮನೆಗೆ ಹೋದ. ಪೂಜೆ ನಡೆದದ್ದು ಆಗ. ಬೂದುಗುಂಬಳ ಒಡೆದರು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು. ಮಂಡಿ ಯಜಮಾನರು ಮೊದಲ ಕಾಯಿ ಒಡೆದು, ಅದರ ನೀರನ್ನು ನೆಲಕ್ಕೆ ಚೆಲ್ಲಲು ಮನಸ್ಸು ಬಾರದೆ, ಏಣಿ ಹತ್ತಿ ಎಂಜಿನ್ನಿನ ನೀರಿನ ಟ್ಯಾಂಕಿಗೆ ಹುಯ್ದರು. "ಮೊದಲ್ನೇ ಗುಟುಕು ನಮ್ಮೂರ್ ಕಾಯಿದಾಗ್ಲಿ" ಎಂದರು. ಎಷ್ಟು ಚೆನ್ನಾದ ಮಾತು! ನೆರೆದವರೆಲ್ಲ ಒಪ್ಪಿದರು. ಒಬ್ಬರಾದ ಮೇಲೆ ಒಬ್ಬರು ಏಣಿ ಹತ್ತಿದರು. ನಾನು ಬೆಂಕಿಯ ಮುಂದೆ ಬೆವರು ಸುರಿಸುತ್ತ, ಇಷ್ಟೊಂದು ಭಕ್ತಿಯೇ ಎಂದು ಕಣ್ಣು ತುಂಬಿಕೊಂಡು ಕೈ ಮುಗಿದೆ.

ಚಿಕ್ಕಪ್ಪ ಬಂದ. ಯೂನಿಫಾರ್ಮಿನ ಗುಂಡಿ ಹೊಟ್ಟೆಯ ಹತ್ತಿರ ಕೂಡುತ್ತಿರಲಿಲ್ಲ, ಪಿನ್ನು ಹಾಕಿದ್ದ. ಕತ್ತಿಗೆ ಬಿಳಿ ಟವೆಲ್. ಇಬ್ಬರು ಹಿಂದಿನಿಂದ ತಳ್ಳಿ ಹತ್ತಿಸಿದರು. ಟ್ಯಾಂಕಿನಿಂದ ಬಾಯ್ಲರಿಗೆ ಇನ್ನಷ್ಟು ನೀರು ಬಿಟ್ಟ. ಚಿಕ್ಕಮ್ಮ ಕೆಂಪು ಸೀರೆ ತೆಗೆದಳು. ನಾನು ನಾಚಿಕೆ ಬಿಟ್ಟು ಕೂಗಿದೆ. ಚಿಕ್ಕಪ್ಪ ಹಿಡಿಯ ಮೇಲೆ ಕೈ ಇಟ್ಟು ಕಣ್ಣು ಮುಚ್ಚಿ, ಒಂಚೂರು ಎಳೆದ.

ಕೊಳವೆಯಿಂದ ಹೊಗೆಯ ಬದಲು ಬಿಳೀ ನೊರೆ ಎದ್ದಿತು. ಹಾಲು ಉಕ್ಕಿದ ಹಾಗೆ ಬುಸಬುಸ ಎಂದು ಎದ್ದು, ಹಾರಿ, ಹಬ್ಬದ ಬಟ್ಟೆ ಉಟ್ಟು ನಿಂತಿದ್ದವರ ಮೇಲೆ ಮಸಿ ಸಮೇತ ಬಿತ್ತು. ಸೀಟಿ ಊದಿದರೆ ಅದೂ ಗೊಳಗೊಳ ಎಂದು ಬಾಯಿ ಮುಕ್ಕಳಿಸಿತು. ಮಂಡಿ ಯಜಮಾನರ ಗರಿಗರಿ ಪಂಚೆ ಚಿರತೆಯ ಚರ್ಮವಾಯಿತು. ಜನ ಚೆಲ್ಲಾಪಿಲ್ಲಿಯಾಗಿ ಓಡಿದರು. ನನಗೆ ನಗು ತಡೆಯಲಾಗಲಿಲ್ಲ. ನಕ್ಕುಬಿಟ್ಟೆ. ಆಮೇಲೆ ಚಿಕ್ಕಪ್ಪನ ಮುಖ ನೋಡಿದೆ.

ಅವನು ಗಾಜಿನ ಕೊಳವೆಯನ್ನು ನೋಡುತ್ತಿದ್ದ. ಅದರ ತುಂಬ ಗುಳ್ಳೆ. ನೀರಿನ ಮಟ್ಟ ಎಲ್ಲಿದೆ ಎಂದೇ ತಿಳಿಯುತ್ತಿರಲಿಲ್ಲ. "ಇನ್ನೊಂಚೂರು ಎಳೀರಿ, ಹೊಂಡ್ತದೆ!" ಎಂದು ಮೆಕ್ಯಾನಿಕ್ ಕೆಳಗಿನಿಂದ ಕೂಗಿದ. ನನಗೂ ಹಾಗೇ ಅನ್ನಿಸಿತ್ತು. ಚಿಕ್ಕಪ್ಪ ಬೇಡವೆಂದು ತಲೆಯಾಡಿಸಿದ. "ನೊರೆ ಜೊತೆ ನೀರು ಸಿಲಿಂಡ್ರಿಗೆ ನುಗ್ತೈತೆ. ಎಳುದ್ರೆ ಒಡ್ದೋಗ್ತದೆ" ಎಂದು ಹಿಡಿಯನ್ನು ಮುಚ್ಚಿದ. ಬೆಂಕಿ ಆರಿಸಲು ನನಗೆ ಹೇಳಿ, ಕತ್ತಿನ ಟವೆಲ್ ತೆಗೆದು ಆ ಹಿಡಿಗೆ ಸುತ್ತಿ, ನಿಧಾನವಾಗಿ ಇಳಿದು ಮನೆಗೆ ಹೋದ. ನೊರೆ ಎದ್ದದ್ದು ಟ್ಯಾಂಕಿಗೆ ಹುಯ್ದ ಕಾಯಿ ನೀರಿನಿಂದ ಎಂದು ತಿಳಿದಾಗಲೂ ಯಾರನ್ನೂ ಬಯ್ಯಲಿಲ್ಲ. ಬೈದಿದ್ದರೆ ನಮಗೆ ಎಷ್ಟೋ ಹಗುರವಾಗುತ್ತಿತ್ತು.

ಮುಂದಿನ ಭಾನುವಾರ ಅವನು ಮಿಲ್ಲಿನ ಕಡೆ ಬರಲೇ ಇಲ್ಲ. ಹಿಡಿಗೆ ಸುತ್ತಿದ ಟವೆಲ್ಲನ್ನು ನಾವ್ಯಾರೂ ಮುಟ್ಟಲಿಲ್ಲ. ಬಾಯ್ಲರಿನಲ್ಲಿ ಇದ್ದದ್ದನ್ನೆಲ್ಲ ಹೊರಗೆ ಬಿಟ್ಟು ತೊಳೆದೆವು; ಇಡೀ ಮಳೆಗಾಲ ಹಿಡಿದ ನೀರು ಅದಕ್ಕೇ ಖರ್ಚಾಯಿತು. ಬಾಯ್ಲರಿನ ಒಳಗಿನಿಂದ ಪಾಕ ಸೀದ ವಾಸನೆ ಬರುತ್ತಿತ್ತು. ಮಂಡಿ ಯಜಮಾನರು ಪಂಚೆ ಎತ್ತಿ ಕಟ್ಟಿ ತಾವೇ ಬ್ರಷ್ ಹಿಡಿದು ಉಜ್ಜಿದರು. ಲಾರಿಯನ್ನು ಮುಂದಕ್ಕೆ ಹಾಕಿ ಎಂದು ನಾನು ಅವರನ್ನು ಕೇಳಿದೆ. "ಪಾರ್ಕಿನೋರು ಕಟ್ಟೆ ಕಟ್ಟಿ ಕೂತವ್ರೆ ಕಣಮ್ಮಾ. ಮಾತು ಕೊಟ್ಬಿಟ್ಟಿವ್ನಿ" ಎಂದು ಮುಖ ಸಣ್ಣದು ಮಾಡಿಕೊಂಡರು. ಮಾತು ಮಾತೇ. ನಮಗೆ ಉಳಿದದ್ದು ದೀಪಾವಳಿಯವರೆಗಿನ ದಿನಗಳು, ಆದರೆ ಡ್ರಮ್ಮಿನಲ್ಲಿ ನೀರಿಲ್ಲ.

ಚಿತ್ತೆ ಮಳೆ ಕೈ ಬಿಡಲಿಲ್ಲ. ಒಂದು ಮಧ್ಯಾಹ್ನ ಹಿಡಿದದ್ದು ಸಂಜೆಯವರೆಗೆ ಸುರಿಯಿತು. ನಾನು ಅಜ್ಜಂಪುರದಲ್ಲಿ ಅಂಗಡಿಯ ಮುಂದೆ ನಿಂತು, ತರೀಕೆರೆಯಲ್ಲೂ ಬರುತ್ತಿದೆಯೇ ಎಂದು ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. "ಡ್ರಮ್ ತುಂಬ್ತಾವ್ರೆ" ಎಂದ. ಯಾರು ಎಂದರೆ, ಚಿಕ್ಕಪ್ಪನಂತೆ. ತಲೆಗೆ ಗೋಣಿ ಕೊಪ್ಪೆ ಹಾಕಿಕೊಂಡು, ಮಂಡಿ ನೋವಿನಲ್ಲೇ ಒಂದು ಡ್ರಮ್ ತುಂಬಿದ ಮೇಲೆ ಇನ್ನೊಂದಕ್ಕೆ ಮಾಡಿನ ನೀರು ಇಳಿಯುವ ತಗಡಿನ ದೋಣಿ ತಿರುಗಿಸುತ್ತಿದ್ದನಂತೆ. ನಾನು ಗಿರಾಕಿಯ ಎದುರೇ ಕುಣಿದುಬಿಟ್ಟೆ.

ನೀರು ತುಂಬುವ ಹಬ್ಬದ ದಿನ ಮತ್ತೆ ಬೆಂಕಿ ಹಚ್ಚಿದೆವು. ಮನೆಮನೆಯಲ್ಲಿ ಹಂಡೆ ತೊಳೆದು, ಸುಣ್ಣ ಕೆಮ್ಮಣ್ಣು ಬಳಿದು, ಮರುದಿನದ ಎಣ್ಣೆ ಸ್ನಾನಕ್ಕೆ ಹೊಸ ನೀರು ತುಂಬುವ ದಿನ. ಚಿಕ್ಕಮ್ಮ ತನ್ನ ಹಂಡೆಗೆ ಬಳಿದು ಮಿಕ್ಕ ಸುಣ್ಣ ಕೆಮ್ಮಣ್ಣನ್ನು ತಂದು ಎಂಜಿನ್ನಿನ ಹೊಟ್ಟೆಗೂ ಪಟ್ಟೆ ಎಳೆದಳು. "ಹೊರಗೆ ಏನ್ ಬೇಕಾದ್ರೂ ಬಳ್ಕೋ. ಒಳಗೆ ಒಂದ್ ತುಳಸಿ ಎಲೆ ಬಿದ್ರೂ ನಾನ್ ಸುಮ್ನಿರಾಕಿಲ್ಲ" ಅಂದ ಚಿಕ್ಕಪ್ಪ. ಬೈಗುಳ ವಾಪಸು ಬಂದದ್ದು ಕೇಳಿ ನಮಗೆಲ್ಲ ಜೀವ ಬಂತು. ಮಂಡಿ ಯಜಮಾನರು ಟ್ಯಾಂಕಿನ ಮುಚ್ಚಳಕ್ಕೆ ಮಂಡಿಯ ಬೀಗವನ್ನೇ ಜಡಿದು, ಕೀಲಿಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡು ಕಾವಲು ನಿಂತರು. ಈ ಸಲ ಜನ ಹೆಚ್ಚು ಬರಲಿಲ್ಲ. ಬಂದವರು ದೂರ ನಿಂತರು, ಹಳೆಯ ಬಟ್ಟೆಯಲ್ಲಿ.

ದೋಸೆ ಹುಯ್ದ ಹಾಗೆ ಹುಯ್ದೆ. ತೆಳ್ಳಗೆ, ಅಂಚಿಗೂ. ಹಬೆ ಏರಿತು. ಗಾಜಿನ ಕೊಳವೆಯಲ್ಲಿ ನೀರು ಅಲುಗದೆ ನಿಂತಿತ್ತು. ಚಿಕ್ಕಪ್ಪ ಟವೆಲ್ ಬಿಚ್ಚಿ ಹೆಗಲಿಗೆ ಹಾಕಿಕೊಂಡ. ಕಾಂಪೌಂಡಿನಾಚೆ ಕೆಂಪು ಸೀರೆ ಹಗ್ಗದಿಂದ ಇಳಿಯಿತು.

"ಕೈಮರ ಬಿದ್ದಿದೆ, ಸಾರ್!"

ಹಿಡಿ ಎಳೆದ. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಕಾಲಿನ ಕೆಳಗಿನ ತಗಡು ನಡುಗಿ, ಚುಕ್ ಎಂದು ಒಂದು ಸದ್ದು ಬಂತು. ಮಿಲ್ಲಿನ ಗೋಡೆ ಹಿಂದಕ್ಕೆ ಸರಿಯತೊಡಗಿತು. ಮೆಕ್ಯಾನಿಕ್ ಪಕ್ಕದಲ್ಲೇ ನಡೆಯುತ್ತ ಬಂದ, ಅಷ್ಟೇ ವೇಗ ನಮ್ಮದು. ಚಿಕ್ಕಪ್ಪನ ಒಂದು ಕೈ ಹಿಡಿಯ ಮೇಲೆ, ಕಣ್ಣು ಮುಂದೆ, ಬಾಯಿ ಅರ್ಧ ತೆರೆದಿತ್ತು. ಅಷ್ಟು ಸಂತೋಷದ ಮುಖವನ್ನು ನಾನು ಹತ್ತಿರದಿಂದ ನೋಡಿದ್ದು ಕಡಿಮೆ. ಹುಣಸೆ ಮರದ ಬುಡದಲ್ಲಿ ಹಳಿ ಮುಗಿಯುತ್ತಿತ್ತು. ಅಲ್ಲಿ ಮೆತ್ತಗೆ ನಿಲ್ಲಿಸಿದ.

ಇನ್ನು ಹಿಂದಕ್ಕೆ ಗೇಟಿನವರೆಗೆ ಹೋಗಬೇಕು. ಹಬೆ ಅಷ್ಟಕ್ಕೇ ಸಾಲುತ್ತಿತ್ತು. ಚಿಪ್ಪು ತುಂಬಲು ಬಗ್ಗಿ ಸಲಿಕೆ ಎಳೆದರೆ ಅದು ಬರಲಿಲ್ಲ. ಇನ್ನೊಂದು ತುದಿಯನ್ನು ಚಿಕ್ಕಪ್ಪ ಹಿಡಿದುಕೊಂಡಿದ್ದ.

"ಬಿಡೇ ಇದನ್ನ. ಆ ಕಡೀಕ್ ಹೋಗು."

"ಚಿಕ್ಕಪ್ಪಾ, ಇದೊಂದೇ ಸಲ ಉಳ್ದಿರೋದು. ನೀನೇ ಹಿಡ್ಕೋ."

"ಅದುಕ್ಕೇ ಹೇಳ್ತಿರದು. ಇನ್ನೆಲ್ಡ್ ವರ್ಷ ತಡ್ಕೋ ಅನ್ನಕ್ಕೆ ನಂಗ್ ಬರಾಕಿಲ್ಲ. ಹೋಗು."

ಹೆಗಲ ಟವೆಲ್ಲಿನಿಂದ ರೆಗ್ಯುಲೇಟರಿನ ಹಿಡಿಯನ್ನು ಒರೆಸಿ, ನನಗೆ ಜಾಗ ಬಿಟ್ಟು ಈಚೆ ಬಂದ. ನಾನು ಹೋಗಿ ನಿಂತೆ. ಹಿಡಿ ಬೆಚ್ಚಗಿತ್ತು. ಬೆನ್ನ ಹಿಂದೆ ಬೆಂಕಿ ಗೂಡಿನ ಬಾಗಿಲು ತೆರೆದು, ಚಿಪ್ಪು ಒಂದೇ ಸಮನೆ ಅಂಚಿನವರೆಗೂ ಹರಡಿದ ಸದ್ದು ಕೇಳಿತು. ಬಾಗಿಲು ಮುಚ್ಚಿತು. ಚಿಕ್ಕಪ್ಪ ತಲೆ ಹೊರಗೆ ಹಾಕಿ, ಕಾಂಪೌಂಡಿನ ಆಚೆಯ ಖಾಲಿ ಹಗ್ಗವನ್ನು ನೋಡಿ, ಇಡೀ ತರೀಕೆರೆಗೆ ಕೇಳುವ ಹಾಗೆ ಕೂಗಿದ.

"ಕೈಮರ ಬಿದ್ದೈತೆ, ಸಾರ್!"